‘ದೇವರು ನನಗ ಯಾಕ ಕೇಳ್ಸವಲ್ಲ?’ ಎಂದ ಮಗುವಿಗೆ ಏನು ಹೇಳಬೇಕು?

ಪ್ರಶ್ನೆ: ನಮ್ಮದು ಬೆಟಗೇರಿ. ಮಗಗ ಎಂಟು ವರ್ಷ. ಪ್ರತಿ ಐತವಾರ ಆರಾಧನೆಗೆ ಕರ್ಕೊಂಡು ಹೋಗ್ತೇವಿ, ಸಂಡೇ ಸ್ಕೂಲ್ ತಪ್ಪಸಂಗಿಲ್ಲ, 23ನೇ ಕೀರ್ತನೆ ಪೂರ್ತಿ ಬಾಯಿಪಾಠ ಐತಿ. ಮೊನ್ನೆ ರಾತ್ರಿ ಪ್ರಾರ್ಥನಿ ಮುಗಿದ ಮ್ಯಾಲೆ, ‘ಅವ್ವಾ, ನೀವೆಲ್ಲಾ ದೇವರ ಜೋಡಿ ಮಾತಾಡ್ತೀರಿ. ಅಂವ ನನಗ ಯಾಕ ಕೇಳ್ಸವಲ್ಲ?’ ಅಂದ. ಏನು ಹೇಳಬೇಕೋ ತಿಳೀಲಿಲ್ಲ, ಮಲಗು ಅಂದೆ. ದೇವರು ಜೊತೆಗಿದ್ದಾನ ಅನ್ನೋದು ಹುಡುಗರಿಗೆ ಗೊತ್ತಾಗೋ ಹಂಗ ಹೆಂಗ ಕಲಿಸೋದು?

ಉತ್ತರ: ಮಗ ಹೀಗೆ ಕೇಳಿದನೆಂದು ಗಾಬರಿಯಾಗಬೇಡಿ. ವಚನ ಒಪ್ಪಿಸಿ ಬಹುಮಾನದ ಪೆನ್ಸಿಲ್ ಡಬ್ಬಿ ತೆಗೆದುಕೊಂಡು ಸುಮ್ಮನಾಗುವ ಮಗುವಿಗಿಂತ ಇಂಥ ಮಗುವಿನ ಬಗ್ಗೆ ನನಗೆ ಹೆಚ್ಚು ಭರವಸೆ. ನೀವು ‘ಮಲಗು’ ಅಂದದ್ದೂ ತಪ್ಪಲ್ಲ. ಬೈಬಲಿನಲ್ಲಿ ಏಲಿ ಯಾಜಕ ಬಾಲಕ ಸಮುವೇಲನಿಗೆ ಹೇಳಿದ್ದೂ ಅದನ್ನೇ, ಅದೂ ಎರಡು ಸಲ.

ಸಮುವೇಲನ ಮೊದಲನೆಯ ಪುಸ್ತಕದ 3ನೇ ಅಧ್ಯಾಯವನ್ನು ಸಂಡೇ ಸ್ಕೂಲಿನಲ್ಲಿ ನಾವೆಲ್ಲ ಕೇಳಿದವರೇ. ಆದರೆ ಅಲ್ಲಿ ಹೇಳುವುದೆಲ್ಲ ಸಮುವೇಲನ ಬಗ್ಗೆ. ವಿಧೇಯ ಹುಡುಗ, ಕರೆದ ಕೂಡಲೇ ಓಡಿದ, ನೀವೂ ಹಾಗಿರಬೇಕು ಎನ್ನುವಲ್ಲಿಗೆ ಪಾಠ ಮುಗಿಯುತ್ತದೆ. ಇಂದು ರಾತ್ರಿ ಅದನ್ನು ತಾಯಿಯಾಗಿ, ಏಲಿಯ ಕಡೆಯಿಂದ ಓದಿ ನೋಡಿ. ಹುಡುಗ ಮಲಗುತ್ತಿದ್ದದ್ದು ಶೀಲೋವಿನ ಆಲಯದಲ್ಲಿ, ದೇವರ ಸನ್ನಿಧಿಯ ಗುರುತಾದ ಮಂಜೂಷ (ಪವಿತ್ರ ಪೆಟ್ಟಿಗೆ) ಇದ್ದ ಕಡೆಯಲ್ಲೇ. ಬೆಳಗಾದರೆ ಬಾಗಿಲು ತೆಗೆಯುವವನೂ ಅವನೇ. ನಮ್ಮ ಯಾವ ಮಗುವೂ ಅಷ್ಟು ಚರ್ಚು ಕಂಡಿರಲಿಕ್ಕಿಲ್ಲ. ಅಷ್ಟಾದರೂ ಅವನಿಗೆ ದೇವರ ಪರಿಚಯ ಇನ್ನೂ ಆಗಿರಲಿಲ್ಲ ಎಂದು 7ನೇ ವಚನ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ದನಿ ಕೇಳಿಸಿತು, ಯಾರದೆಂದು ತಿಳಿಯಲಿಲ್ಲ. ಮೂರು ಸಲವೂ ಮುದುಕ ಏಲಿಯ ಹಾಸಿಗೆಯ ಹತ್ತಿರ ಓಡಿದ.

ಕರೆಯುತ್ತಿರುವವನು ದೇವರೆಂದು ಮೂರನೆಯ ಸಲಕ್ಕೆ ಏಲಿಗೆ ಹೊಳೆಯಿತು. ಹೊಳೆದ ಮೇಲಾದರೂ ಅವನು ಮಾಡಿದ್ದೇನು? ದೇವರು ಹೀಗೆ ಹೇಳುತ್ತಾನೆ ಎಂದು ತಾನೇ ಮುಂದಾಗಿ ಹೇಳಲಿಲ್ಲ. ಹುಡುಗನ ಜೊತೆ ಹೋಗಿ ಪಕ್ಕದಲ್ಲಿ ಕೂಡಲೂ ಇಲ್ಲ. ಇನ್ನೊಮ್ಮೆ ಕರೆದರೆ ಏನನ್ನಬೇಕು ಎಂಬ ಒಂದು ಸಣ್ಣ ವಾಕ್ಯ ಕಲಿಸಿ ಮತ್ತೆ ಮಲಗಲು ಕಳಿಸಿದ. ತಂದೆತಾಯಿಯ ಪಾಲಿನ ಕೆಲಸ ಇಷ್ಟೇ ಎಂದು ನನ್ನ ತಿಳಿವಳಿಕೆ. ಕರೆಯುವುದು ದೇವರಿಗೆ ಬಿಟ್ಟದ್ದು. ಇದು ಯಾರ ದನಿ ಇರಬಹುದು ಎಂದು ಗುರುತು ಹೇಳಿ, ಉತ್ತರ ಕೊಡಲು ನಾಲ್ಕು ಮಾತು ಕಲಿಸುವುದು ನಮ್ಮದು. ನಮ್ಮಲ್ಲಿ ಬಹಳ ಜನ ಅವಸರಪಟ್ಟು ದೇವರ ಪಾತ್ರವನ್ನೂ ತಾವೇ ಮಾಡಿಬಿಡುತ್ತಾರೆ.

ಅದಕ್ಕೇ ನಿಮ್ಮ ಮಗನಿಗೆ ಮೊದಲು ಹೇಳಬೇಕಾದದ್ದು, ‘ನನಗೂ ಕಿವಿಲೆ ಕೇಳ್ಸೂದಿಲ್ಲಪಾ’ ಎಂಬ ನಿಜ. ನಾವು ಪ್ರಾರ್ಥನೆಯಲ್ಲಿ ‘ದೇವರು ನನ್ನ ಜೊತೆ ಮಾತಾಡಿದ’ ಎಂದು ಸಲೀಸಾಗಿ ಸಾಕ್ಷಿ ಹೇಳುತ್ತೇವೆ. ಅದು ಮಗುವಿನ ಕಿವಿಗೆ ಫೋನ್ ಬಂದಂತೆ ಕೇಳಿಸುತ್ತದೆ. ಎಲ್ಲರಿಗೂ ಬರುವ ಕರೆ ನನಗೊಬ್ಬನಿಗೆ ಬರುವುದಿಲ್ಲ ಎಂದರೆ ಅದು ಎಂಥ ಸಂಕಟ, ಯೋಚಿಸಿ. ‘ಯೇಸು ನಿನ್ನ ಹೃದಯದಾಗ ಅದಾನ’ ಎಂಬ ಮಾತೂ ಹೀಗೆಯೇ. ಹಾರ್ಟ್ ಆಪರೇಶನ್ ಮಾಡಿದರ ಡಾಕ್ಟರಿಗೆ ಕಾಣ್ತಾನೇನು ಎಂದು ಮಗು ಕೇಳಿದರೆ ಅದು ಅಧಿಕಪ್ರಸಂಗವಲ್ಲ. ಆ ವಯಸ್ಸಿನಲ್ಲಿ ಎಷ್ಟೋ ಸಲ ಮಾತೆಂದರೆ ಮಾತೇ, ಅಲಂಕಾರ ಅಷ್ಟಾಗಿ ತಿಳಿಯುವುದಿಲ್ಲ.

ಹಾಗಾದರೆ ಗುರುತು ಹೇಳುವುದು ಹೇಗೆ? ಧರ್ಮೋಪದೇಶಕಾಂಡದ 6ನೇ ಅಧ್ಯಾಯ ಕಲಿಸುವುದಕ್ಕೆ ಹೊತ್ತು ಸೂಚಿಸುತ್ತದೆ: ಮನೆಯಲ್ಲಿ ಕೂತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ. ಪಾಠದ ಹೊತ್ತು ಅಂತ ಬೇರೆ ಇಟ್ಟಿಲ್ಲ. ರೊಟ್ಟಿ ತಟ್ಟುವಾಗ, ಸ್ಕೂಟರಿನಲ್ಲಿ ಶಾಲೆಗೆ ಬಿಡುವಾಗ, ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಹೋಗುವಾಗ ಬರುವ ಮಾತು ಅದು. ಇನ್ನೊಂದು ಗಮನಿಸಿ. ಬೈಬಲಿನಲ್ಲಿ ಎಷ್ಟೋ ಕಡೆ ಮಾತು ಶುರು ಮಾಡುವುದು ಮಕ್ಕಳು. ಐಗುಪ್ತದಿಂದ ಬಿಡುಗಡೆಯಾದದ್ದನ್ನು ನೆನೆಯುವ ಪಸ್ಕದ ಊಟಕ್ಕೆ ಕೂತಾಗ ‘ಈ ಆಚರಣೆ ಏನು?’ ಎಂದು ಕೇಳುತ್ತಾರೆ (ವಿಮೋಚನಕಾಂಡ 12). ಯೊರ್ದನ್ ನದಿಯಿಂದ ಎತ್ತಿ ತಂದು ನಿಲ್ಲಿಸಿದ 12 ಕಲ್ಲುಗಳನ್ನು ನೋಡಿ ‘ಇವು ಯಾಕೆ?’ ಎಂದು ಕೇಳುತ್ತಾರೆ (ಯೆಹೋಶುವ 4). ಹಿರಿಯರ ಕೆಲಸ, ಮಗು ಕೇಳುವಂಥ ಕಲ್ಲೊಂದನ್ನು ಕಣ್ಣಿಗೆ ಬೀಳುವ ಕಡೆ ಇಡುವುದು.

ನಮ್ಮ ಸೀಮೆಯಲ್ಲಿ ಅಂಥ ಕಲ್ಲುಗಳಿಗೆ ಬರವಿಲ್ಲ. ಯುರೋಪಿನ ಕ್ರೈಸ್ತ ಸೇವಾಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನಿಮ್ಮ ಬೆಟಗೇರಿಗೆ ಬಂದು ನೆಲೆಸಿದರು. ನಿಮ್ಮೂರ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಆಸ್ಪತ್ರೆಗೆ ಹಳಬರು ಈಗಲೂ ‘ಜರ್ಮನ್ ದವಾಖಾನಿ’ ಅನ್ನುತ್ತಾರಲ್ಲ, ಯಾಕೆ ಅಂತ ಮಗನಿಗೆ ಗೊತ್ತೇ? ಸಮುದ್ರ ದಾಟಿ ಬಂದವರು ಇಲ್ಲಿಯ ರೋಗಿಗಳ ಹುಣ್ಣು ಯಾಕೆ ತೊಳೆದರು ಎಂದು ಅವನು ಕೇಳಲಿ. ನಿಘಂಟಿನ ಕಿಟೆಲ್ ಗೊತ್ತು. ಅದೇ ಕಿಟೆಲ್ 1862ರಷ್ಟು ಹಿಂದೆಯೇ ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ಬರೆದದ್ದು ನಮ್ಮ ಮಕ್ಕಳಿಗಲ್ಲ, ನಮಗೇ ಗೊತ್ತಿರುವುದಿಲ್ಲ. ಅದಕ್ಕಿಂತ ಹತ್ತಿರದ್ದು ನಿಮ್ಮ ಮನೆಯ ಕಥೆ. ಮನೆತನದಲ್ಲಿ ಮೊದಲು ದೀಕ್ಷಾಸ್ನಾನ ಪಡೆದವರು ಯಾರು, ಯಾಕೆ ಪಡೆದರು, ಬಳಗದವರು ಏನಂದರು? ಅಜ್ಜಿ ಇದ್ದರೆ ಅವರ ಬಾಯಿಂದಲೇ ಹೇಳಿಸಿ. ಅಜ್ಜಿ ಹಾಡುವ ಗೀತೆಯ ಧಾಟಿ ಪುಸ್ತಕದ ಧಾಟಿಗೆ ಕೂಡದಿದ್ದರೂ ಪರವಾಗಿಲ್ಲ.

ಸುಗ್ಗಿಯ ಕಾಣಿಕೆಯ ಆರಾಧನೆ ಈ ದೃಷ್ಟಿಯಿಂದ ನನಗೆ ಬಹಳ ಮುಖ್ಯ. ದೊಡ್ಡವರು ಆ ದಿನ ಕಾಣಿಕೆಗಳ ಸವಾಲಿನಲ್ಲೇ (ಹರಾಜಿನಲ್ಲೇ) ಮುಳುಗಿರುತ್ತಾರೆ; ಒಂದು ಕುಂಬಳಕಾಯಿಗೆ ಇಬ್ಬರು ಪೈಪೋಟಿಗೆ ಬಿದ್ದರೆ ಕಂಪೌಂಡೆಲ್ಲ ನಗು. ಆದರೆ ಒಂದು ವರ್ಷ ಕವರಿನಲ್ಲಿ ದುಡ್ಡು ಹಾಕಿ ಕಳಿಸುವ ಬದಲು ಮಗುವಿನ ಕೈಯಲ್ಲೇ ಉಳ್ಳಾಗಡ್ಡಿಯೋ ಜೋಳವೋ ಹೊರಿಸಿ ನೋಡಿ. ಸಿಪ್ಪೆ ಅಂಗಿಗೆ ಅಂಟುತ್ತದೆ, ಚೀಲ ಜಗ್ಗುತ್ತದೆ, ಹಿಂದಿನವರು ದಬ್ಬುತ್ತಾರೆ, ಪೀಠದ ಮುಂದೆ ಇಟ್ಟು ತಿರುಗಿದಾಗ ಅಂಗೈ ಕೆಂಪಾಗಿರುತ್ತದೆ. ಧರ್ಮೋಪದೇಶಕಾಂಡದ 26ನೇ ಅಧ್ಯಾಯದಲ್ಲಿ ಪ್ರಥಮಫಲದ ಪುಟ್ಟಿ ತಂದವನು ಬಾಯಿಬಿಟ್ಟು ಒಂದು ಕಥೆ ಹೇಳಬೇಕು: ನಮ್ಮ ಮೂಲಪುರುಷ ಅಲೆಮಾರಿಯಾಗಿದ್ದ, ಐಗುಪ್ತದಲ್ಲಿ ಕಷ್ಟಪಟ್ಟೆವು, ದೇವರು ಕೈಹಿಡಿದು ಹೊರತಂದ, ಈ ನೆಲ ಕೊಟ್ಟ, ಇದು ಅದರ ಬೆಳೆ. ನಮ್ಮಲ್ಲಿ ಪುಟ್ಟಿ ಉಳಿದಿದೆ, ಕಥೆ ಬಿಟ್ಟುಹೋಗಿದೆ. ಹೋದ ವರ್ಷ ಮಳೆ ಕೈಕೊಟ್ಟಿತ್ತೋ, ಅಪ್ಪನ ಕೆಲಸ ಹೋಗಿತ್ತೋ, ಆಗ ಮನೆಗೆ ಅಕ್ಕಿ ತಂದುಕೊಟ್ಟವರು ಯಾರೋ, ಅದನ್ನು ಚೀಲ ತುಂಬುವಾಗಲೇ ಮಗನ ಮುಂದೆ ಹೇಳಿ.

ರಾತ್ರಿಯ ಪ್ರಾರ್ಥನೆಗೆ ಒಂದು ಸಲಹೆ. ಇಗ್ನೇಷಿಯಸ್ ಲೊಯೋಲಾ ಕಲಿಸಿಕೊಟ್ಟ ಅಭ್ಯಾಸವೊಂದು ಕ್ಯಾಥೊಲಿಕರಲ್ಲಿ 16ನೇ ಶತಮಾನದಿಂದ ಇದೆ: ಮಲಗುವ ಮುನ್ನ ದಿನವನ್ನು ಮೊದಲಿಂದ ಕೊನೆಯವರೆಗೆ ದೇವರ ಎದುರು ಒಮ್ಮೆ ತಿರುವಿಹಾಕುವುದು. ನಾವು ಪ್ರೊಟೆಸ್ಟಂಟರು ಇದನ್ನು ಎರವಲು ತಂದರೆ ಯಾರೂ ಬಡ್ಡಿ ಕೇಳುವುದಿಲ್ಲ. ಎಂಟು ವರ್ಷದವನಿಗೆ ಎರಡೇ ಪ್ರಶ್ನೆ ಸಾಕು. ‘ಇವತ್ತ ಯಾವುದು ಛಲೋ ಅನಿಸ್ತು? ಯಾವುದು ಸಂಕಟ ಅನಿಸ್ತು?’ ಅವನು ಹೇಳಿದ್ದನ್ನೇ ಎತ್ತಿಕೊಂಡು ಒಂದು ಸಾಲಿನ ಸ್ತೋತ್ರ, ಒಂದು ಸಾಲಿನ ಬೇಡಿಕೆ. ಹಿಂದಿನ ಬೆಂಚಿನ ಹುಡುಗ ಪರೀಕ್ಷೆಯಲ್ಲಿ ರಬ್ಬರ್ ಕೊಟ್ಟ ಎಂದರೆ ಅದಕ್ಕೇ ಸ್ತೋತ್ರ. ಆದರೆ ಪ್ರತಿಯೊಂದಕ್ಕೂ ‘ನೋಡು, ಅದು ದೇವರೇ ಮಾಡಿದ್ದು’ ಎಂದು ಮುದ್ರೆ ಒತ್ತಬೇಡಿ. ಇವತ್ತು ರಬ್ಬರ್ ಕೊಟ್ಟದ್ದು ದೇವರಾದರೆ, ನಾಳೆ ಯಾರೂ ಕೊಡದಿದ್ದಾಗ ದೇವರು ಎಲ್ಲಿ ಹೋದ ಎಂದು ಅವನು ಕೇಳಿಯೇ ಕೇಳುತ್ತಾನೆ. ಕೆಲವು ವಾರ ಹೀಗೆ ನಡೆದರೆ ಅವನೇ ಗುರುತಿಸುವುದು ಶುರುವಾಗಬಹುದು. ನಾವು ಗುರುತಿಸಿಕೊಟ್ಟ ಹತ್ತಕ್ಕಿಂತ ಅವನೇ ಕಂಡುಕೊಂಡ ಒಂದು ಹೆಚ್ಚು ಬಾಳುತ್ತದೆ.

ಸಂಕಟದ ಪ್ರಶ್ನೆಯನ್ನು ಮಾತ್ರ ಹಾರಿಸಬೇಡಿ. ಅಜ್ಜಿಗೆ ಆರಾಮ ಆಗಲಿ ಎಂದು ಮಗು ದಿನಾ ಬೇಡಿಕೊಂಡು, ಅಜ್ಜಿ ತೀರಿಕೊಂಡರೆ, ‘ದೇವರಿಗೆ ಅಜ್ಜಿ ಬೇಕಾಗಿದ್ದಳು, ಕರ್ಕೊಂಡ’ ಎಂದು ಹೇಳುವವರಿದ್ದಾರೆ. ದಯವಿಟ್ಟು ಬೇಡ. ಅಜ್ಜಿಯನ್ನು ಕಿತ್ತುಕೊಂಡವನ ಹತ್ತಿರ ಮಗು ಯಾಕೆ ಹೋದೀತು? 13ನೇ ಕೀರ್ತನೆ ‘ಎಷ್ಟರ ತನಕ?’ ಎಂದೇ ಶುರುವಾಗುತ್ತದೆ, ನೀನು ನನ್ನನ್ನು ಮರೆತೇಬಿಟ್ಟೆಯಾ ಎಂದು ನೇರವಾಗಿ ಕೇಳುತ್ತದೆ. ದೇವರ ಮೇಲೆ ಸಿಟ್ಟು ಮಾಡಿಕೊಂಡರೂ ಪ್ರಾರ್ಥನೆ ಮುರಿದುಬೀಳುವುದಿಲ್ಲ ಎಂಬುದನ್ನು ಮಗು 23ನೇ ಕೀರ್ತನೆಯ ಪಕ್ಕದಲ್ಲೇ ಕಲಿಯಬೇಕು.

ಹಾಗೆಯೇ ದೇವರನ್ನು ಮನೆಯ ಪೊಲೀಸನನ್ನಾಗಿ ಮಾಡಬೇಡಿ. ಹಾಲು ಕುಡಿಯದಿದ್ದರೆ, ಹೋಮ್‌ವರ್ಕ್ ಮಾಡದಿದ್ದರೆ ‘ದೇವರು ನೋಡಾಕತ್ಯಾನ ನೋಡು!’ ಎಂದು ಹೆದರಿಸಿದ ಮಗುವಿಗೆ ಸನ್ನಿಧಿ ಅಂದರೆ ಕಾವಲು ಎಂದೇ ತಲೆಯಲ್ಲಿ ಕೂರುತ್ತದೆ. ಆಮೇಲೆ ‘ಆತನು ಹತ್ತಿರವೇ ಇದ್ದಾನೆ’ ಎಂದು ಎಷ್ಟು ಸಲ ಹೇಳಿದರೂ ಅದಕ್ಕೆ ಅಡಗಲು ಜಾಗ ಹುಡುಕುವ ಮನಸ್ಸಾಗುತ್ತದೆ.

ನೆರೆಯವರ ವಿಷಯವೂ ಬಂದೇ ಬರುತ್ತದೆ. ಅವನ ಬೆಂಚಿನಲ್ಲಿ ವಿಭೂತಿ ಹಚ್ಚಿದವನಿದ್ದಾನೆ, ಶುಕ್ರವಾರ ನಮಾಜಿಗೆ ಹೋಗುವವನಿದ್ದಾನೆ. ಶಿಶುನಾಳ ಶರೀಫರ ನಾಡಿದು, ಬೇರೆ ಹೇಗಿದ್ದೀತು. ‘ದೇವರು ಅವರ ಮನ್ಯಾಗ ಇರಂಗಿಲ್ಲೇನು?’ ಎಂದರೆ ಹೌದು ಅಲ್ಲ ಎನ್ನುವ ಬದಲು ಮತ್ತಾಯ 8ನೇ ಅಧ್ಯಾಯದ ಶತಾಧಿಪತಿಯ (ರೋಮನ್ ಸೇನೆಯ ಅಧಿಕಾರಿಯ) ಕಥೆ ಹೇಳಿ. ಹೊರಗಿನ ಆ ಸೈನಿಕನ ನಂಬಿಕೆ ಕಂಡು ಯೇಸುವೇ ಬೆರಗಾದ. ನಮ್ಮ ನಂಬಿಕೆ ಎತ್ತಿ ಹಿಡಿಯಲು ಪಕ್ಕದ ಮನೆಯವರನ್ನು ಕೆಳಗೆ ಹಾಕುವುದು ಬೇಕಾಗಿಲ್ಲ.

ಏಲಿಯ ಕಥೆಯಲ್ಲಿ ಕಡೆಯ ಭಾಗವನ್ನು ಸಂಡೇ ಸ್ಕೂಲಿನಲ್ಲಿ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ದೇವರು ಹುಡುಗನಿಗೆ ಹೇಳಿದ್ದು ಏಲಿಯ ಮನೆತನದ ವಿರುದ್ಧದ ಮಾತು. ಮಕ್ಕಳು ಕೆಟ್ಟದ್ದು ಮಾಡುತ್ತಿದ್ದಾಗ ಅವನು ತಡೆಯಲಿಲ್ಲ ಎಂದು. ಬೆಳಿಗ್ಗೆ ಸಮುವೇಲನಿಗೆ ಹೇಳಲು ಭಯ. ಏಲಿಯೇ ಕರೆದು, ಒಂದನ್ನೂ ಮುಚ್ಚಿಡಬೇಡ ಅಂದ. ಎಲ್ಲ ಕೇಳಿದ, ಬೈಯಲಿಲ್ಲ, ಆತನು ಕರ್ತನು, ಸರಿಕಂಡದ್ದನ್ನು ಮಾಡಲಿ ಅಂದ. ನಿಮ್ಮ ಮಗನೂ ಒಂದು ದಿನ, ‘ಮನಿಕೆಲಸದ ಅಕ್ಕಗ ನೀ ಹಂಗ ಬೈದಿದ್ದು ಯೇಸುಗ ಸೇರಂಗಿಲ್ಲವಾ’ ಎಂದಾನು. ಆಗ ನೀವು ‘ದೊಡ್ಡವರಿಗೆ ಎದುರು ಮಾತಾಡ್ತಿಯೇನು?’ ಎಂದರೆ ಅವನು ಮುಂದಿನ ಸಲ ಕೇಳಿಸಿದ್ದನ್ನು ನಿಮಗೆ ಹೇಳುವುದಿಲ್ಲ. ‘ಹೌದಲ್ಲ’ ಎಂದು ಅಕ್ಕನ ಹತ್ತಿರ ಹೋಗಿ ಮಾತಾಡಿ ಬಂದರೆ, ದೇವರ ಮಾತು ನಿಜಕ್ಕೂ ಏನಾದರೂ ಮಾಡುತ್ತದೆ ಎಂಬುದಕ್ಕೆ ಅವನಿಗೆ ಬೇರೆ ಸಾಕ್ಷಿ ಬೇಡ.

ಇಷ್ಟೆಲ್ಲ ಮಾಡಿದರೆ ಮಗ ದೊಡ್ಡವನಾದ ಮೇಲೂ ಚರ್ಚಿಗೆ ಬರುತ್ತಾನೆಯೇ ಎಂದರೆ, ಆ ಭರವಸೆ ಯಾರೂ ಕೊಡಲಾರರು. ಏಲಿಯ ಮಕ್ಕಳು ಹಾಳಾದರು. ಅದೇ ಸಮುವೇಲನ ಮಕ್ಕಳು ಲಂಚ ತಿಂದರು (1 ಸಮುವೇಲ 8). ಮನೆಯಲ್ಲಿ ಒಬ್ಬರೇ ನಂಬುವವರಾಗಿದ್ದರೆ ಆಗುವುದಿಲ್ಲ ಎಂದೂ ತಿಳಿಯಬೇಡಿ. ‘ಅವರಪ್ಪ ಚರ್ಚಿಗೆ ಬರಂಗಿಲ್ಲ, ನಾ ಒಬ್ಬಾಕಿ ಏನ್ ಮಾಡ್ಲಿ’ ಎನ್ನುವ ತಾಯಂದಿರು ಪೌಲನ ಜೊತೆಗಾರ ತಿಮೊಥೆಯನ ಮನೆ ನೋಡಲಿ. ತಂದೆ ಗ್ರೀಕನು ಎಂಬುದರ ಹೊರತು ಅಪೊಸ್ತಲರ ಕೃತ್ಯಗಳು ಆ ತಂದೆಯ ಬಗ್ಗೆ ಏನೂ ಹೇಳುವುದಿಲ್ಲ. ಪೌಲನು ನೆನೆಯುವುದು ಅಜ್ಜಿ ಲೋವಿಯನ್ನು, ತಾಯಿ ಯೂನಿಕೆಯನ್ನು. ಅಂಥ ಮನೆಯಲ್ಲಿ ಅಪ್ಪನನ್ನು ಪ್ರಾರ್ಥನೆಗೆ ಎಳೆದು ಕೂರಿಸಲು ದಿನಾ ಜಗಳ ಮಾಡುವುದಕ್ಕಿಂತ, ಅವರು ಟಿ.ವಿ. ನೋಡುತ್ತಿರುವಾಗ ಅಡುಗೆಮನೆಯಲ್ಲೇ ಆ ಎರಡು ಪ್ರಶ್ನೆ ಕೇಳಿ ಮುಗಿಸಿ. ಅಪ್ಪನಿಗೂ ಸ್ತೋತ್ರದಲ್ಲಿ ಒಂದು ಸಾಲು ಇರಲಿ.