ಮಲಗಿದ ಪಟ್ಟಕ, ಇಳಿಜಾರಿನ ಹೊಂಡ

ಪಟ್ಟಕದ (ಪ್ರಿಸಮ್, ಅಂದರೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದೇ ಆಕಾರ, ಒಂದೇ ಗಾತ್ರದ ಸೀಳು ಇರುವ ಘನ) ಘನಫಲವೆಂದರೆ ಪಾದದ ವಿಸ್ತೀರ್ಣವನ್ನು ಎತ್ತರದಿಂದ ಗುಣಿಸುವುದು. ಈ ಸೂತ್ರ ಬಾಯಿಗೆ ಬಾರದ ಡಿಪ್ಲೊಮಾ ಹುಡುಗ ನನ್ನ ಕೈಕೆಳಗೆ ಇನ್ನೂ ಬಂದಿಲ್ಲ. ಅದೇ ಹುಡುಗನನ್ನು ಬಸಿಗಾಲುವೆಯ ಮುಂದೆ ನಿಲ್ಲಿಸಿ ಪಾದ ಯಾವುದೆಂದು ಕೇಳಿದರೆ ತಳವನ್ನು ತೋರಿಸುತ್ತಾನೆ. ಪಾದವೆಂಬ ಹೆಸರೇ ಅವನ ದಾರಿ ತಪ್ಪಿಸುತ್ತದೆ. ಉದ್ದಕ್ಕೆ ಲಂಬವಾಗಿ ಎಲ್ಲಿ ಸೀಳಿದರೂ ಯಾವ ಆಕೃತಿ ಬದಲಾಗದೆ ಸಿಗುತ್ತದೆಯೋ ಅದೇ ಪಾದ. ಅದು ನೆಲಕ್ಕೆ ತಾಗಿರಬೇಕೆಂದಿಲ್ಲ. ತಳ 1 ಮೀಟರ್, ಬಾಯಿ 2 ಮೀಟರ್, ಆಳ 1 ಮೀಟರ್ ಇರುವ ಕಾಲುವೆಯನ್ನು ಸೀಳಿದರೆ ತ್ರಾಪಿಜ್ಯ, ವಿಸ್ತೀರ್ಣ 1.5 ಚದರ ಮೀಟರ್. ಕಾಲುವೆಯ 30 ಮೀಟರ್ ಉದ್ದವೇ ಇಲ್ಲಿ ‘ಎತ್ತರ’. ಅಗೆತ 45 ಘನ ಮೀಟರ್. ಪಟ್ಟಕ ಮಲಗಿದೆ, ಅಷ್ಟೇ.

ಜಗಳ ಹುಟ್ಟುವುದು ಕೃಷಿ ಹೊಂಡದಲ್ಲಿ. ನಾನು ಕಂಡ ಒಂದರ ಬಾಯಿ 20 ಮೀಟರ್ ಚೌಕ, ಆಳ 3 ಮೀಟರ್. ದಡ ಕುಸಿಯದಿರಲೆಂದು ಪ್ರತಿ ಮೀಟರ್ ಆಳಕ್ಕೆ ಒಂದೂವರೆ ಮೀಟರ್ ಒಳಸರಿಯುವ ಇಳಿಜಾರು. ಹಾಗಾಗಿ ತಳ 11 ಮೀಟರ್ ಚೌಕ. ಗುತ್ತಿಗೆದಾರರು ಬಾಯಿಯ 400, ತಳದ 121 ಕೂಡಿಸಿ, ಅರ್ಧ ಮಾಡಿ, ಆಳದಿಂದ ಗುಣಿಸಿ 781.5 ಘನ ಮೀಟರಿಗೆ ಬಿಲ್ಲು ಬರೆದರು. ಪಿಯುಸಿ ಓದುತ್ತಿದ್ದ ರೈತರ ಮಗ ಅಳತೆಗಳ ಸರಾಸರಿ 15.5ನ್ನು ವರ್ಗ ಮಾಡಿ, ಆಳದಿಂದ ಗುಣಿಸಿ, 720.75 ಎಂದು ಹಟ ಹಿಡಿದ. ಹೊಂಡ ಪಟ್ಟಕವೇ ಅಲ್ಲ. ಇಬ್ಬರೂ ತಮತಮಗೆ ಅನುಕೂಲವಾದ ಪಟ್ಟಕವೊಂದನ್ನು ಅದರೊಳಗೆ ಇಳಿಸಿದ್ದರು.

ಈ ತಕರಾರು ಹಳೆಯದು. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಅಗೆತದ ಲೆಕ್ಕಕ್ಕೆಂದೇ ಖಾತವ್ಯವಹಾರವೆಂಬ ಅಧ್ಯಾಯ ಬರೆದ. ಹುಡುಗನ ಉತ್ತರಕ್ಕೆ ಅಲ್ಲಿ ಕರ್ಮಾಂತಿಕ ಫಲವೆಂದು ಹೆಸರು, ಗುತ್ತಿಗೆದಾರರದ್ದಕ್ಕೆ ಔಂಡ್ರ ಫಲ. ಎರಡರ ಅಂತರದಲ್ಲಿ ಮೂರನೆಯ ಒಂದು ಪಾಲನ್ನು ಕರ್ಮಾಂತಿಕಕ್ಕೆ ಕೂಡಿಸಿದರೆ ಸೂಕ್ಷ್ಮ ಫಲ, ಅಂದರೆ ನಿಖರವಾದದ್ದು. ಅಂತರ 60.75, ಅದರ ಮೂರನೆಯ ಒಂದು 20.25, ಉತ್ತರ 741 ಘನ ಮೀಟರ್. ನಾವು ಎಂಜಿನಿಯರುಗಳು ಬಾಯಿಯ ವಿಸ್ತೀರ್ಣ, ತಳದ ವಿಸ್ತೀರ್ಣ ಮತ್ತು ನಡುಮಟ್ಟದ ವಿಸ್ತೀರ್ಣದ ನಾಲ್ಕರಷ್ಟನ್ನು ಕೂಡಿಸಿ, ಆರರಿಂದ ಭಾಗಿಸಿ, ಆಳದಿಂದ ಗುಣಿಸಿದರೂ ಬರುವುದು ಅಷ್ಟೇ. ನನಗೆ ಮಹಾವೀರನ ದಾರಿಯೇ ಇಷ್ಟ: ಜಗಳವಾಡುವ ಇಬ್ಬರ ಲೆಕ್ಕವನ್ನೂ ಅದು ಬಳಸಿಕೊಳ್ಳುತ್ತದೆ.

ಬಿಲ್ಲಿನಲ್ಲಿ 40.5 ಘನ ಮೀಟರ್ ಕಡಿತವಾಯಿತು. ನೀರಿನ ಭಾಷೆಯಲ್ಲಿ ಹೇಳಿದರೆ 5,000 ಲೀಟರಿನ ಎಂಟು ಟ್ಯಾಂಕರುಗಳಿಗಿಂತ ತುಸು ಹೆಚ್ಚು. ಗುತ್ತಿಗೆದಾರರು ದಡದ ಮೇಲಿನ ಮಣ್ಣಿನ ಗುಡ್ಡೆಯತ್ತ ಕೈ ತೋರಿಸಿ, ಬೇಕಾದರೆ ಅದನ್ನೇ ಅಳೆಯಿರಿ ಎಂದರು. ಅಗೆದ ಮಣ್ಣು ಸಡಿಲವಾಗಿ ಉಬ್ಬುವುದರಿಂದ ಗುಡ್ಡೆ 741ನ್ನು ಮೀರುವುದು ಅವರಿಗೂ ಗೊತ್ತಿತ್ತು. ಅಳತೆ ಪುಸ್ತಕದಲ್ಲಿ ನಾನು ಗುಂಡಿಯನ್ನೇ ಬರೆದೆ.