ಒಗೊನಿಯಿಂದ ರಾಸ್‌ಪೋರ್ಟ್‌ವರೆಗೆ: ತೈಲ ಕಂಪನಿಯ ಗೇಟಿಗೆ ಅಡ್ಡ ಕೂತವರ ಲೆಕ್ಕಾಚಾರ

ಐರ್ಲೆಂಡಿನ ಪಶ್ಚಿಮ ಕರಾವಳಿಯ ಮೇಯೊ ಕೌಂಟಿಯಲ್ಲಿ ಬೆಲ್ಲನಬಾಯ್ ಎಂಬ ಜಾಗವಿದೆ. ಅಲ್ಲಿ ಶೆಲ್ ಕಂಪನಿ ಅನಿಲ ಸಂಸ್ಕರಣಾ ಘಟಕ ಕಟ್ಟಲು ಹೊರಟಾಗ, ಗೇಟಿನ ಎದುರು ಊರವರು ಒಂಬತ್ತು ಬಿಳಿ ಶಿಲುಬೆಗಳನ್ನು ನೆಟ್ಟರು. ಅವುಗಳ ಮೇಲಿದ್ದ ಹೆಸರುಗಳಲ್ಲಿ ಒಂದೂ ಐರಿಷ್ ಹೆಸರಲ್ಲ. ಕೆನ್ ಸಾರೊ-ವೀವಾ, ಬ್ಯಾರಿನೆಮ್ ಕಿಯೊಬೆಲ್, ಸಾಟರ್ಡೇ ಡೋಬೀ... ಎಲ್ಲರೂ 1995ರ ನವೆಂಬರ್ 10ರಂದು ನೈಜೀರಿಯಾದ ಪೋರ್ಟ್ ಹಾರ್ಕೋರ್ಟ್ ಜೈಲಿನಲ್ಲಿ ಗಲ್ಲಿಗೇರಿದವರು. ಸಾವಿರಾರು ಕಿಲೋಮೀಟರ್ ಆಚೆಯ ರೈತರಿಗೂ ಮೀನುಗಾರರಿಗೂ ಈ ಹೆಸರುಗಳ ಜತೆ ಏನು ನಂಟು? ಅದನ್ನು ತಿಳಿಯಲು ಮೊದಲು ನೈಜರ್ ನದಿಯ ಮುಖಜಭೂಮಿಗೆ ಹೋಗಬೇಕು.

ನೈಜೀರಿಯಾದಲ್ಲಿ ವಾಣಿಜ್ಯ ಪ್ರಮಾಣದ ತೈಲ ಸಿಕ್ಕಿದ್ದು 1956ರಲ್ಲಿ, ಒಲೊಯ್‌ಬಿರಿಯಲ್ಲಿ. ಎರಡು ವರ್ಷದಲ್ಲಿ ಒಗೊನಿ ಸೀಮೆಯಲ್ಲೂ ಸಿಕ್ಕಿತು. ಒಗೊನಿ ಎಂದರೆ ಸುಮಾರು 1,000 ಚದರ ಕಿಲೋಮೀಟರ್ ನೆಲ. 1990ರ ದಶಕದಲ್ಲಿ ಅಂದಾಜು ಐದು ಲಕ್ಷ ಜನ. ಗೆಣಸು, ಮರಗೆಣಸು ಬೆಳೆಯುವವರು, ಹಿನ್ನೀರಿನ ಕಾಂಡ್ಲಾ ಕಾಡಿನಲ್ಲಿ ಮೀನು, ಚಿಪ್ಪು ಹಿಡಿಯುವವರು. ಹೊಲಗಳ ನಡುವೆಯೇ ನೆಲದ ಮೇಲೆ ಪೈಪುಗಳು ಹಾದುಹೋದವು. ತೈಲದ ಜತೆ ಬರುವ ಅನಿಲವನ್ನು ಹಿಡಿದಿಡುವುದಕ್ಕಿಂತ ಸುಡುವುದು ಅಗ್ಗವೆಂದು ಹಗಲಿರುಳೂ ಬೆಂಕಿ ಉರಿಯುತ್ತಿತ್ತು.

1990ರಲ್ಲಿ ಒಗೊನಿ ಮುಖಂಡರು ತಮ್ಮ ಹಕ್ಕುಪತ್ರವೊಂದನ್ನು ಹೊರಡಿಸಿ ಮೊಸಾಪ್ (ಒಗೊನಿ ಜನರ ಉಳಿವಿನ ಚಳವಳಿ) ಎಂಬ ಸಂಘಟನೆ ಕಟ್ಟಿದರು. 1993ರ ಜನವರಿ 4ರಂದು ಸುಮಾರು ಮೂರು ಲಕ್ಷ ಜನ ಮೆರವಣಿಗೆ ಹೊರಟರು, ಅಂದರೆ ಇಡೀ ಜನಾಂಗದ ಅರ್ಧಕ್ಕಿಂತ ಹೆಚ್ಚು. ಅದೇ ವರ್ಷ ಏಪ್ರಿಲ್ ಕೊನೆಯಲ್ಲಿ ಬಿಯಾರಾ ಎಂಬಲ್ಲಿ ಹೊಸ ಪೈಪ್‌ಲೈನಿಗಾಗಿ ಶೆಲ್‌ನ ಗುತ್ತಿಗೆದಾರ ಕಂಪನಿ ಬೆಳೆದು ನಿಂತ ಹೊಲಕ್ಕೆ ಬುಲ್ಡೋಜರ್ ನುಗ್ಗಿಸಿತು. ಅಡ್ಡ ನಿಂತವರ ಮೇಲೆ ಸೈನಿಕರು ಗುಂಡು ಹಾರಿಸಿದರು. ಶೆಲ್ 1993ರಲ್ಲೇ ಒಗೊನಿಯಲ್ಲಿ ತೈಲ ತೆಗೆಯುವುದನ್ನು ನಿಲ್ಲಿಸಿ ಹೊರನಡೆಯಿತು. ಮುಂದಿನ ವರ್ಷ ಮೇ ತಿಂಗಳಲ್ಲಿ ನಾಲ್ವರು ಒಗೊನಿ ಹಿರಿಯರ ಕೊಲೆಯಾಯಿತು. ಆ ಆರೋಪವನ್ನು ಮೊಸಾಪ್‌ನ ಮುಂದಾಳು, ಲೇಖಕ ಸಾರೊ-ವೀವಾ ಮತ್ತು ಸಂಗಡಿಗರ ಮೇಲೆ ಹೊರಿಸಿ, ಜನರಲ್ ಅಬಾಚಾರ ಸೇನಾ ಸರ್ಕಾರ ರಚಿಸಿದ ವಿಶೇಷ ನ್ಯಾಯಮಂಡಳಿ ಗಲ್ಲು ವಿಧಿಸಿತು. ಮೇಲ್ಮನವಿಗೆ ಅವಕಾಶವೇ ಇರಲಿಲ್ಲ.

ಹೋರಾಟ ಗೆದ್ದು ಕಂಪನಿ ಹೊರಟರೂ ಸೋರಿಕೆ ಯಾಕೆ ನಿಲ್ಲಲಿಲ್ಲ ಎಂಬ ಪ್ರಶ್ನೆಯನ್ನು ಬೆಂಬಲಿಗರಲ್ಲೂ ಬಹಳ ಮಂದಿ ಕೇಳಿಕೊಂಡಂತಿಲ್ಲ. ಬಾವಿಗಳು ನಿಂತವು, ಆದರೆ ಬೇರೆ ಕಡೆಯ ತೈಲವನ್ನು ಬಾನಿ ಬಂದರಿಗೆ ಒಯ್ಯುವ ಟ್ರಾನ್ಸ್ ನೈಜರ್ ಪೈಪ್‌ಲೈನ್ ಒಗೊನಿಯ ಮೂಲಕವೇ ಹಾದುಹೋಗುತ್ತಿತ್ತು. ಬಿಟ್ಟುಹೋದ ಬಾವಿಗಳನ್ನು ಸರಿಯಾಗಿ ಮುಚ್ಚಿರಲಿಲ್ಲ. ಪೈಪು ಕೊರೆದು ಕದ್ದ ತೈಲವನ್ನು ಹಿನ್ನೀರಿನಲ್ಲೇ ಕಾಯಿಸಿ ಇಳಿಸುವ ಕಳ್ಳದಂಧೆಯೂ ಬೆಳೆಯಿತು. 2008ರಲ್ಲಿ ಬೋಡೊ ಊರಿನ ಬಳಿ ಈ 24 ಇಂಚಿನ ಪೈಪು ಎರಡು ಸಲ ಒಡೆಯಿತು. ಮೊದಲ ಸಲದ ಕಾರಣ ಬೆಸುಗೆಯ ದೋಷ.

ಇಲ್ಲಿ ಒಂದು ಕಾಗದದ ಮಹಿಮೆ ಹೇಳಲೇಬೇಕು. ನೈಜೀರಿಯಾದಲ್ಲಿ ಸೋರಿಕೆಯಾದಾಗ ಕಂಪನಿ, ಸರ್ಕಾರಿ ಸಂಸ್ಥೆ ಮತ್ತು ಊರವರು ಒಟ್ಟಿಗೆ ಜಾಗಕ್ಕೆ ಹೋಗಿ ಮಹಜರು ಬರೆಯುತ್ತಾರೆ: ಯಾವಾಗ ಶುರು, ಯಾಕೆ ಒಡೆಯಿತು, ಎಷ್ಟು ಸೋರಿತು. ಅದರಲ್ಲಿ 'ವಿಧ್ವಂಸಕ ಕೃತ್ಯ' ಎಂದು ಬಿದ್ದರೆ ಪರಿಹಾರದ ಹೊಣೆ ಕಂಪನಿಗಿಲ್ಲ. ಅಳತೆಯ ಉಪಕರಣ, ದೋಣಿ, ತಜ್ಞರು ಎಲ್ಲ ಕಂಪನಿಯ ಕಡೆಯವೇ. ಊರವರ ಪಾಲಿಗೆ ಉಳಿಯುವುದು ಸಹಿ. ಬೋಡೊದ ಮೊದಲ ಸೋರಿಕೆಗೆ ಬರೆದ ಒಟ್ಟು ಮೊತ್ತ 1,640 ಬ್ಯಾರೆಲ್. ಸೋರುತ್ತಿದ್ದ ಪೈಪಿನ ವಿಡಿಯೊ ನೋಡಿ ಅಮೆರಿಕದ ತಜ್ಞ ಸಂಸ್ಥೆಯೊಂದು ಹಾಕಿದ ಅಂದಾಜು ದಿನಕ್ಕೆ 1,440ರಿಂದ 4,320 ಬ್ಯಾರೆಲ್. ಊರವರ ಪ್ರಕಾರ ಅದು ಸೋರಿದ್ದು 72 ದಿನ. ಬ್ಯಾರೆಲ್ಲಿಗೆ 159 ಲೀಟರಿನಂತೆ ಗುಣಿಸಿಕೊಳ್ಳಿ. ಲಂಡನ್ನಿನ ನ್ಯಾಯಾಲಯಕ್ಕೆ ಹೋದ ಮೇಲೆ ಹಳೆಯ ಅಂಕಿ ಕಡಿಮೆಯಾಗಿತ್ತೆಂದು ಕಂಪನಿ ಒಪ್ಪಿತು. 2015ರ ಜನವರಿಯಲ್ಲಿ 5.5 ಕೋಟಿ ಪೌಂಡಿಗೆ ರಾಜಿಯಾಯಿತು. ಅದರಲ್ಲಿ 3.5 ಕೋಟಿ 15,600 ಮಂದಿಗೆ ಹಂಚಿಕೆಯಾಯಿತು, ಉಳಿದದ್ದು ಊರಿಗೆ.

ಶುಚಿ ಮಾಡಿದ ರೀತಿಯೂ ಅಷ್ಟೇ. ತೈಲ ಬಿದ್ದ ಮಣ್ಣಿನ ಮೇಲ್ಪದರವನ್ನು ಉತ್ತು, ಬದುಗಳಾಗಿ ಏರಿಸಿ, ಗೊಬ್ಬರ ಹಾಕಿ, ಸೂಕ್ಷ್ಮಜೀವಿಗಳು ತಿಂದು ಮುಗಿಸಲಿ ಎಂದು ಬಿಡುವುದು ಪದ್ಧತಿ. ತೈಲ ಮೇಲ್ಪದರದಲ್ಲಷ್ಟೇ ಇದ್ದರೆ ಇದು ನಡೆದೀತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2011ರ ಆಗಸ್ಟ್‌ನಲ್ಲಿ ಕೊಟ್ಟ ವರದಿ ಹಲವೆಡೆ ಐದು ಮೀಟರಿನಷ್ಟು ಆಳದಲ್ಲೂ ತೈಲ ಕಂಡಿತು. ಮಳೆ ಹೆಚ್ಚಿರುವ ಆ ನೆಲದಲ್ಲಿ ನೀರು ತೈಲವನ್ನು ಕೆಳಗೂ ಪಕ್ಕದ ತೋಡಿಗೂ ಒಯ್ಯುತ್ತದೆ. ಒಗಾಲೆ ಪ್ರದೇಶದ ಕುಡಿಯುವ ಬಾವಿಗಳಲ್ಲಿ ಕ್ಯಾನ್ಸರ್‌ಕಾರಕ ಬೆಂಜೀನ್ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯ 900 ಪಟ್ಟಿಗೂ ಮೀರಿತ್ತು. ಸರಿಪಡಿಸಲು 25ರಿಂದ 30 ವರ್ಷ ಬೇಕು, ಮೊದಲ ಕಂತಿಗೇ 100 ಕೋಟಿ ಡಾಲರ್ ಬೇಕು ಎಂದಿತು ವರದಿ.

ಈಗ ಮೇಯೊ. ಸೇತುವೆಯಾದವರು ಸಿಸ್ಟರ್ ಮಜೆಲ್ಲಾ ಮೆಕ್ಯಾರನ್, ನೈಜೀರಿಯಾದಲ್ಲಿ ಸುಮಾರು ಮೂವತ್ತು ವರ್ಷ ಇದ್ದ ಐರಿಷ್ ಸನ್ಯಾಸಿನಿ. ಬಂಧನದಲ್ಲಿದ್ದ ಸಾರೊ-ವೀವಾ ಆಕೆಗೆ ಬರೆದ ಪತ್ರಗಳು ಊಟದ ಬುಟ್ಟಿಗಳಲ್ಲಿ ಅಡಗಿ ಹೊರಬಂದವು. ಈಗ ಅವು ಮೇನೂತ್ ವಿಶ್ವವಿದ್ಯಾಲಯದಲ್ಲಿವೆ. ಊರಿಗೆ ಮರಳಿದ ಆಕೆ ಒಗೊನಿ ಬೆಂಬಲ ಸಂಘಟನೆ ಕಟ್ಟಿದರು. ಹೀಗಾಗಿ ಅದೇ ಕಂಪನಿ ಮೇಯೊಗೆ ಬಂದಾಗ, ಅದರ ನಡೆವಳಿ ಬಲ್ಲವರು ಐರ್ಲೆಂಡಿನಲ್ಲಿ ಆಗಲೇ ಇದ್ದರು.

ಕೊರಿಬ್ ಅನಿಲ ಕ್ಷೇತ್ರ ಪತ್ತೆಯಾದದ್ದು 1996ರಲ್ಲಿ, ದಡದಿಂದ 83 ಕಿಲೋಮೀಟರ್ ದೂರದ ಸಮುದ್ರತಳದಲ್ಲಿ. ಪತ್ತೆ ಮಾಡಿದ ಕಂಪನಿಯನ್ನು 2002ರಲ್ಲಿ ಶೆಲ್ ಕೊಂಡಿತು. ಅನಿಲವನ್ನು ಸಮುದ್ರದಲ್ಲೇ ಸಂಸ್ಕರಿಸದೆ, ಹಸಿ ಅನಿಲವನ್ನೇ ರಾಸ್‌ಪೋರ್ಟ್ ಊರಿನ ಮೂಲಕ ಒಳನಾಡಿಗೆ ಸುಮಾರು 9 ಕಿಲೋಮೀಟರ್ ತರುವುದು ಯೋಜನೆ. ಪೈಪಿನ ವಿನ್ಯಾಸ ಒತ್ತಡ 345 ಬಾರ್. ಕಾರಿನ ಟೈರಿಗೆ ನಾವು ತುಂಬಿಸುವ ಗಾಳಿ ಎರಡು ಬಾರ್ ಚಿಲ್ಲರೆ. ಐರ್ಲೆಂಡಿನ ಮಾಮೂಲಿ ಅನಿಲ ಹೆದ್ದಾರಿ ಪೈಪುಗಳದ್ದು 70ರಿಂದ 85. ಅತಿ ಹತ್ತಿರದ ಮನೆ ಪೈಪಿನಿಂದ 70 ಮೀಟರ್. ಸಾಲದ್ದಕ್ಕೆ ಹಸಿ ಅನಿಲಕ್ಕೆ ವಾಸನೆಯಿಲ್ಲ. ನಮ್ಮ ಅಡುಗೆ ಸಿಲಿಂಡರಿನಲ್ಲಿ ಬರುವ ಕಟು ವಾಸನೆ ಸೋರಿಕೆ ತಿಳಿಯಲೆಂದೇ ಬೆರೆಸಿದ್ದು. ಇಲ್ಲಿ ಅದೂ ಇಲ್ಲ. 2003ರ ಸೆಪ್ಟೆಂಬರಿನಲ್ಲಿ ಪಕ್ಕದ ಡೂನ್‌ಕಾರ್ಟನ್ ಗುಡ್ಡ ಮಳೆಗೆ ಜರಿದಾಗ ಜೌಗು ಮಣ್ಣಿನ ಭಯ ಎಲ್ಲರಿಗೂ ಅರ್ಥವಾಯಿತು.

ಜಮೀನಿಗೆ ಕಾಲಿಡಲು ಬಿಡದ ರೈತರ ವಿರುದ್ಧ ಕಂಪನಿ ಹೈಕೋರ್ಟಿನಿಂದ ತಡೆಯಾಜ್ಞೆ ತಂದಿತು. ಅಡ್ಡಿ ಮಾಡುವುದಿಲ್ಲವೆಂದು ಮುಚ್ಚಳಿಕೆ ಕೊಡಲು ಐವರು ಒಪ್ಪಲಿಲ್ಲ. 2005ರ ಜೂನ್ 29ರಂದು ನ್ಯಾಯಾಂಗ ನಿಂದನೆಗಾಗಿ ಜೈಲಿಗೆ ಹೋದರು. ಇಂಥ ಜೈಲುವಾಸಕ್ಕೆ ಅವಧಿಯಿಲ್ಲ. ಮುಚ್ಚಳಿಕೆ ಕೊಟ್ಟ ದಿನ ಬಿಡುಗಡೆ, ಇಲ್ಲವೇ ಎದುರು ಪಕ್ಷ ತಡೆಯಾಜ್ಞೆ ಹಿಂಪಡೆಯಬೇಕು. ಕಂಪನಿಯ ವಕೀಲರು ಎಡವಿದ್ದು ಇಲ್ಲೇ. ಕೀಲಿಕೈ ಈಗ ಕಂಪನಿಯ ಕೈಲಿತ್ತು, ಐವರು ಒಳಗಿದ್ದಷ್ಟೂ ದಿನ ಹೆಸರು ಕೆಡುತ್ತಿದ್ದುದು ಅದರದ್ದೇ. ಬಂಕ್‌ಗಳ ಮುಂದೆ ಪಿಕೆಟಿಂಗ್ ಹಬ್ಬಿತು. ಈ ನಡುವೆ ಅನುಮತಿಯಿಲ್ಲದೆ ಮೂರು ಕಿಲೋಮೀಟರ್ ಪೈಪನ್ನು ಬೆಸೆದಿದ್ದು ಹೊರಬಿದ್ದು, ಬಿಚ್ಚಿ ಎಂದು ಸಚಿವರೇ ಆದೇಶಿಸಿದರು. 94 ದಿನಗಳ ಬಳಿಕ ಶೆಲ್ ತಾನೇ ತಡೆಯಾಜ್ಞೆ ತೆಗೆಸಿತು.

ಆ ಬೇಸಿಗೆಯಲ್ಲೇ ಹುಟ್ಟಿದ ರಾಸ್‌ಪೋರ್ಟ್ ಬೆಂಬಲ ಶಿಬಿರಕ್ಕೆ ಹೊರಗಿನಿಂದ ಜನ ಬಂದು ಉಳಿದರು. ಇಂಥ ಶಿಬಿರಗಳ ಮೊದಲ ಕೆಲಸ ಘೋಷಣೆ ಕೂಗುವುದಲ್ಲ, ಯೋಜನೆಯ ಕಿರಿದಾದ ಕತ್ತು ಎಲ್ಲಿದೆಯೆಂದು ಹುಡುಕುವುದು. ಬೆಲ್ಲನಬಾಯ್‌ನಲ್ಲಿ ಕಟ್ಟಡ ಏಳುವ ಮೊದಲು ಸುಮಾರು 4.5 ಲಕ್ಷ ಘನ ಮೀಟರ್ ಜೌಗು ಮಣ್ಣನ್ನು ಲಾರಿಗಳಲ್ಲಿ 11 ಕಿಲೋಮೀಟರ್ ದೂರ ಸಾಗಿಸಬೇಕಿತ್ತು. ರಸ್ತೆ ಕಿರಿದು, ಒಂದು ಲಾರಿ ನಿಂತರೆ ಹಿಂದಿನ ಸಾಲೆಲ್ಲ ನಿಂತಂತೆ. ಸಮುದ್ರದಲ್ಲಿ ಪೈಪು ಹಾಸುವ ಹಡಗಿಗೆ ಶಾಂತ ಹವೆಯ ಬೇಸಿಗೆಯ ಕೆಲವು ತಿಂಗಳಷ್ಟೇ ಸಿಗುತ್ತವೆ. ಒಂದು ವಾರ ತಪ್ಪಿಸಿದರೂ ಬಾಡಿಗೆ ಏರುತ್ತದೆ, ಋತು ತಪ್ಪಿದರೆ ವರ್ಷವೇ ಹೋಗುತ್ತದೆ.

ಲಾರಿಯ ಅಡಿ ತೂರಿ ಕಬ್ಬಿಣದ ಕೊಳವೆಯೊಳಗೆ ಕೈ ಸಿಕ್ಕಿಸಿಕೊಂಡು ಮಲಗುವುದು, ಮೂರು ಕಾಲಿನ ಕಂಬದ ತುದಿಯಲ್ಲಿ ಕೂರುವುದು, ಕಯಾಕ್‌ನಲ್ಲಿ ಕೊರೆಯುವ ಯಂತ್ರದ ಸುತ್ತ ತೇಲುವುದು: ಎಲ್ಲದರ ಗುರಿಯೂ ಗಂಟೆಗಳು. ಬಿಡಿಸಲು ತರಬೇತಾದ ಪೊಲೀಸ್ ತಂಡ ಬರಬೇಕು, ಅದು ದೂರದಿಂದ ಬರಬೇಕು. ಅಪಾಯವೂ ಇಲ್ಲೇ. ಚಾಲಕನಿಗೆ ಕೆಳಗೆ ಜನ ಇರುವುದು ಗೊತ್ತಾಗದಿದ್ದರೆ ಮುಗಿಯಿತು. ಆದ್ದರಿಂದ ವಾಹನ ನಿಲ್ಲಿಸಿ ಚಾಲಕನ ಜತೆ ಮಾತಾಡುವವರೇ ಬೇರೆ, ಕೆಳಗೆ ಹೋಗುವವರೇ ಬೇರೆ ಇರುತ್ತಾರೆ. ಒದ್ದೆ ನೆಲದಲ್ಲಿ ಕೆಲವು ಗಂಟೆ ಮಲಗಿದರೆ ಮೈ ತಣ್ಣಗಾಗಿ, ಕೈಯ ರಕ್ತಸಂಚಾರ ಕುಂದುತ್ತದೆ. 2006ರ ಅಕ್ಟೋಬರ್‌ನಲ್ಲಿ ಪೊಲೀಸರು ದೊಡ್ಡ ಸಂಖ್ಯೆಯಲ್ಲಿ ಬಂದು ಗೇಟು ತೆರವು ಮಾಡಿದರು. ಬಂಧಿಸಿದರೆ ಮತ್ತೆ ವೀರರು ಹುಟ್ಟುತ್ತಾರೆಂದು, ಎತ್ತಿ ಪಕ್ಕಕ್ಕೆ ಹಾಕುವುದೇ ಅವರ ನೀತಿಯಾಗಿತ್ತು. ಕೇಸಿಲ್ಲದ ಪೆಟ್ಟು ಪತ್ರಿಕೆಗೂ ಸುದ್ದಿಯಲ್ಲ.

ಬಂಕ್ ಪಿಕೆಟಿಂಗ್‌ಗೆ ನಾನು ಅಷ್ಟು ಅಂಕ ಕೊಡಲಾರೆ. ಶೆಲ್ 2005ರಲ್ಲೇ ಐರ್ಲೆಂಡಿನ ತನ್ನ ಬಂಕ್‌ಗಳ ವ್ಯವಹಾರ ಮಾರಿಬಿಟ್ಟಿತು; ಕೊರಿಬ್ ಯೋಜನೆಯ ಪಾಲುದಾರ ಕಂಪನಿ ಸ್ಟಾಟ್‌ಆಯಿಲ್ ಮರುವರ್ಷ ಅದನ್ನೇ ಮಾಡಿತು. ಗುರಿ ಎದುರಿನಿಂದ ಸರಿದುಹೋಯಿತು. ಅದೇ ಅಸ್ತ್ರ 1995ರಲ್ಲಿ ಜರ್ಮನಿಯಲ್ಲಿ ಚೆನ್ನಾಗಿ ಕೆಲಸ ಮಾಡಿತ್ತು. ಬ್ರೆಂಟ್ ಸ್ಪಾರ್ ಎಂಬ ಹಳೆಯ ತೈಲ ತೊಟ್ಟಿಯನ್ನು ಸಮುದ್ರದಲ್ಲಿ ಮುಳುಗಿಸಲು ಹೊರಟ ಶೆಲ್, ಗ್ರೀನ್‌ಪೀಸ್ ಅದನ್ನೇರಿ ಕೂತ ಮೇಲೆ, ಬಂಕ್‌ಗಳ ವ್ಯಾಪಾರ ಕುಸಿದು ಜೂನ್ 20ರಂದು ಮಣಿಯಿತು. ಅಲ್ಲೊಂದು ಎಡವಟ್ಟೂ ಆಯಿತು: ಮಾದರಿಯನ್ನು ತೊಟ್ಟಿಯಿಂದ ತೆಗೆಯದೆ ಅದಕ್ಕೆ ಇಳಿಯುವ ಕೊಳವೆಯಿಂದ ತೆಗೆದದ್ದರಿಂದ ಒಳಗೆ 5,500 ಟನ್ ತೈಲವಿದೆ ಎಂಬ ತಪ್ಪು ಲೆಕ್ಕ ಹೊರಬಿತ್ತು, ಗ್ರೀನ್‌ಪೀಸ್ ಕ್ಷಮೆ ಕೇಳಿತು. ಕಂಪನಿಗಳ ಪರ ಬರೆಯುವವರು ಇಂದಿಗೂ ಅದನ್ನು ಎತ್ತಿ ತೋರಿಸುತ್ತಾರೆ.

ಮೇಯೊದಲ್ಲಿ ಸಿಕ್ಕಿದ್ದೇನು? ಸಂಸ್ಕರಣೆ ಸಮುದ್ರದಲ್ಲೇ ಆಗಲಿ ಎಂಬ ಮುಖ್ಯ ಬೇಡಿಕೆ ಈಡೇರಲಿಲ್ಲ. 2015ರ ಡಿಸೆಂಬರ್ 30ರಂದು ಅನಿಲ ದಡ ಸೇರಿತು. ಆದರೆ ಐವರು ಜೈಲಿಗೆ ಹೋದ ಬಳಿಕ ನಡೆದ ಸ್ವತಂತ್ರ ಸುರಕ್ಷತಾ ಪರಿಶೀಲನೆ, ದಡದ ಮೇಲಿನ ಒತ್ತಡ 144 ಬಾರ್ ಮೀರಕೂಡದು ಎಂದಿತು. ಮುಂದೆ ಅದು 100ಕ್ಕೆ ಇಳಿಯಿತು. 2009ರ ನವೆಂಬರ್‌ನಲ್ಲಿ ಯೋಜನಾ ಮಂಡಳಿ, ಮನೆಗಳಿಗೆ ಅಪಾಯವೆಂದು ಮಾರ್ಗದ ಸುಮಾರು ಅರ್ಧವನ್ನು ಒಪ್ಪದೆ ಕೊಲ್ಲಿಯ ಕಡೆ ಬೊಟ್ಟು ಮಾಡಿತು. ಕೊನೆಗೆ ಸ್ರೂವಡ್ಡಕನ್ ಕೊಲ್ಲಿಯ ಅಡಿ 4.9 ಕಿಲೋಮೀಟರ್ ಸುರಂಗ ಕೊರೆದು ಪೈಪು ಹಾಕಬೇಕಾಯಿತು. ಮೊದಲ ದಿನ ಊರವರು ಕೇಳಿದ ಪ್ರಶ್ನೆಗಳು ಸರಿಯಿದ್ದವು ಎಂಬುದಕ್ಕೆ ಬೇರೆ ಪ್ರಮಾಣಪತ್ರ ಬೇಡ.

ಒಗೊನಿಯ ಕಡತ ಇನ್ನೂ ಮುಚ್ಚಿಲ್ಲ. ಗಲ್ಲಿಗೇರಿದವರ ಕುಟುಂಬಗಳು ಅಮೆರಿಕದಲ್ಲಿ ಹೂಡಿದ್ದ ದಾವೆಯಲ್ಲಿ ಶೆಲ್ 2009ರಲ್ಲಿ ತಪ್ಪೊಪ್ಪದೆಯೇ 1.55 ಕೋಟಿ ಡಾಲರ್ ಕೊಟ್ಟು ರಾಜಿಯಾಗಿತ್ತು. ನೈಜೀರಿಯಾ ಸರ್ಕಾರ ಆ ಒಂಬತ್ತು ಮಂದಿಗೆ 2025ರ ಜೂನ್‌ನಲ್ಲಿ 'ಕ್ಷಮಾದಾನ' ಘೋಷಿಸಿತು. ಮಾಡದ ತಪ್ಪಿಗೆ ಕ್ಷಮೆ ಯಾಕೆ, ದೋಷಮುಕ್ತಿ ಕೊಡಿ ಎಂದು ಹೋರಾಟಗಾರರು ಕೇಳಿದರು. ಅದೇ ವರ್ಷ ಮಾರ್ಚ್‌ನಲ್ಲಿ ಶೆಲ್ ತನ್ನ ನೈಜೀರಿಯಾದ ದಡದ ಮೇಲಿನ ತೈಲ ವ್ಯವಹಾರವನ್ನು ರಿನೈಸಾನ್ಸ್ ಎಂಬ ಕೂಟಕ್ಕೆ ಮಾರಿ ಕೈತೊಳೆದುಕೊಂಡಿದೆ. ಲಂಡನ್ನಿನ ಪ್ರಧಾನ ಕಚೇರಿಯ ಮೆಟ್ಟಿಲ ಮೇಲೆ ಕೂರುವವರಿಗೆ ಇನ್ನು ಸಿಗುವ ಉತ್ತರ, ಪೈಪು ನಮ್ಮದಲ್ಲ ಎಂದು. ಆದರೆ ಒಗಾಲೆ ಮತ್ತು ಬಿಲ್ಲೆ ಊರುಗಳು ಹೂಡಿದ ದಾವೆಯಲ್ಲಿ, ಹಳೆಯ ಸೋರಿಕೆಯನ್ನು ಶುಚಿ ಮಾಡದೆ ಬಿಟ್ಟರೆ ಅದಕ್ಕೂ ಕಂಪನಿಯನ್ನು ಹೊಣೆ ಮಾಡಲು ಅವಕಾಶವಿದೆಯೆಂದು ಲಂಡನ್ ಹೈಕೋರ್ಟ್ 2025ರ ಜೂನ್‌ನಲ್ಲಿ ಹೇಳಿದೆ. ಪೂರ್ಣ ವಿಚಾರಣೆ 2027ಕ್ಕೆ ನಿಗದಿಯಾಗಿದೆ.