ಲೇಬಲ್ಲಿನ ಮೇಲೆ ಯಾರ ಹೆಸರು? ಒಂದು ಆಲ್ಬಮ್‌ನ ಹುಟ್ಟು ಮತ್ತು ಹೊಂದಿಕೆಯಾಗದ ನೆನಪುಗಳು

ಬ್ರಿಟನ್ನಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಆಲ್ಬಮ್ ಎದೆಬಡಿತದಿಂದ ಆರಂಭವಾಗುತ್ತದೆ. ಆದರೆ ಅದು ಯಾರ ಎದೆಯ ಬಡಿತವೂ ಅಲ್ಲ. ತಂಡದ ಡ್ರಮ್ಮರ್ ನಿಕ್ ಮೇಸನ್ ನೆನಪಿಸಿಕೊಂಡಿರುವಂತೆ, ಮೊದಲು ವೈದ್ಯಕೀಯ ಧ್ವನಿಮುದ್ರಣಗಳಲ್ಲಿನ ನಿಜವಾದ ಹೃದಯ ಬಡಿತವನ್ನೇ ಬಳಸಿ ನೋಡಲಾಯಿತು. ಅದನ್ನು ಕೇಳಿದರೆ ನೆಮ್ಮದಿಗಿಂತ ಆತಂಕವೇ ಹೆಚ್ಚಾಗುತ್ತಿತ್ತು. ಕೊನೆಗೆ ಅವರು ದೊಡ್ಡ ಬಾಸ್ ಡ್ರಮ್ಮಿಗೆ ಮೆತ್ತನೆಯ ಹೊದಿಕೆ ತುಂಬಿ, ಮೃದುವಾದ ಬಡಿಗೆಯಿಂದ ಹೊಡೆದು ಆ ನಾದವನ್ನು ಪಡೆದರು. ಅದರ ಮೇಲೆ ಗಡಿಯಾರಗಳ ಟಿಕ್‌ಟಿಕ್, ನಾಣ್ಯಗಳ ಸದ್ದು, ಯಾರದೋ ನಗು, ಯಾರದೋ ಮಾತು ಒಂದೊಂದಾಗಿ ಬಂದು ಸೇರುತ್ತವೆ. ಮುಂದೆ ಬರಲಿರುವ ಹಾಡುಗಳ ತುಣುಕುಗಳನ್ನೆಲ್ಲ ಒಂದು ನಿಮಿಷದ ಚಿಲ್ಲರೆ ಅವಧಿಯಲ್ಲಿ ಹೆಣೆದ ಈ ಮುನ್ನುಡಿಯ ಹೆಸರು ‘ಸ್ಪೀಕ್ ಟು ಮಿ’. ಲೇಬಲ್ಲಿನಲ್ಲಿ ಅದರ ರಚನಕಾರರ ಹೆಸರು ಮೇಸನ್, ಅವರೊಬ್ಬರದೇ.

ಈ ಒಂದು ಹೆಸರಿನ ಬಗ್ಗೆಯೇ ತಂಡದೊಳಗೆ ಒಮ್ಮತವಿಲ್ಲ. ಆ ತುಣುಕುಗಳನ್ನು ಕಲೆಹಾಕಿ ಜೋಡಿಸಿದ್ದು ತಾನೇ ಎಂದು ಮೇಸನ್ ಬರೆದುಕೊಂಡಿದ್ದಾರೆ. ಆಲ್ಬಮ್‌ನ ಎಲ್ಲ ಸಾಹಿತ್ಯವನ್ನೂ ಬರೆದ ರೋಜರ್ ವಾಟರ್ಸ್ ತಂಡವನ್ನು ಬಿಟ್ಟ ನಂತರ, ಆ ಹೆಸರು ತಾವು ಮೇಸನ್‌ಗೆ ಕೊಟ್ಟ ಉಡುಗೊರೆ ಎಂದು ಹೇಳುತ್ತ ಬಂದರು. ಒಂದೇ ಕೋಣೆಯಲ್ಲಿ ತಿಂಗಳುಗಟ್ಟಲೆ ಕೂತು ಕೆಲಸ ಮಾಡಿದ ಇಬ್ಬರ ನೆನಪುಗಳು ಹೀಗೆ ಬೇರೆ ಬೇರೆ ದಿಕ್ಕಿಗೆ ಹೊರಟಿರುವುದನ್ನು ಗೆಳೆಯರ ಮುನಿಸು ಎಂದು ತಳ್ಳಿಹಾಕುವುದು ಸುಲಭ. ಆದರೆ ರಾಕ್ ಸಂಗೀತದಲ್ಲಿ ರಚನಕಾರರ ಹೆಸರು ಬರಿಯ ಗೌರವದ ಮಾತಲ್ಲ.

ಬ್ರಿಟನ್ನಿನ ಸಂಗೀತೋದ್ಯಮದಲ್ಲಿ ಒಂದು ಹಾಡಿಗೆ ಎರಡು ಬಗೆಯ ಹಕ್ಕುಗಳಿರುತ್ತವೆ. ಮೊದಲನೆಯದು ಧ್ವನಿಮುದ್ರಣದ ಹಕ್ಕು, ಇದು ಸಾಮಾನ್ಯವಾಗಿ ರೆಕಾರ್ಡ್ ಕಂಪನಿಯ ಕೈಯಲ್ಲಿರುತ್ತದೆ. ಎರಡನೆಯದು ರಾಗ ಮತ್ತು ಸಾಹಿತ್ಯದ ಹಕ್ಕು, ಅದು ರಚನಕಾರರದು. ಪ್ರತಿ ಧ್ವನಿಮುದ್ರಿಕೆ ಮಾರಾಟವಾದಾಗ, ಪ್ರತಿ ಬಾರಿ ರೇಡಿಯೊದಲ್ಲಿ ಹಾಡು ಪ್ರಸಾರವಾದಾಗ ರಚನಕಾರರಿಗೆ ಪಾಲು ಸಲ್ಲುತ್ತದೆ. ಅವರು ತೀರಿಕೊಂಡ ಬಳಿಕವೂ 70 ವರ್ಷ ಆ ಹಕ್ಕು ಉಳಿಯುತ್ತದೆ. ಹೊರಗಿನಿಂದ ಬಂದು ಹಾಡುವ ಅಥವಾ ನುಡಿಸುವ ಸೆಷನ್ ಕಲಾವಿದರಿಗಾದರೋ ಆ ಕಾಲದಲ್ಲಿ ಆ ದಿನದ ಸಂಭಾವನೆಯೊಂದೇ ಸಿಗುತ್ತಿತ್ತು, ಅಲ್ಲಿಗೆ ಲೆಕ್ಕ ಮುಗಿಯುತ್ತಿತ್ತು. ಹಾಗಾಗಿ ಸ್ಟುಡಿಯೊದಲ್ಲಿ ಆ ದಿನ ಯಾರು ಏನು ಮಾಡಿದರು ಎಂಬ ನೆನಪು, ವರ್ಷಗಳು ಉರುಳಿದಂತೆ ಆಸ್ತಿಪತ್ರದಷ್ಟೇ ತೂಕದ್ದಾಗುತ್ತದೆ.

ಈ ಆಲ್ಬಮ್ ಹುಟ್ಟಿದ ರೀತಿಯಲ್ಲೇ ತೊಡಕಿನ ಬೇರೂ ಇದೆ. 1971ರ ಕೊನೆಯಲ್ಲಿ ಲಂಡನ್ನಿನ ಕ್ಯಾಮ್ಡನ್‌ನಲ್ಲಿದ್ದ ಮೇಸನ್ ಅವರ ಮನೆಯ ಅಡುಗೆಮನೆಯ ಮೇಜಿನ ಸುತ್ತ ತಂಡದವರು ಸೇರಿದ್ದರು. ಮನುಷ್ಯರನ್ನು ಹುಚ್ಚಿಗೆ ದೂಡುವ ಒತ್ತಡಗಳು, ಅಂದರೆ ಹಣ, ಸಮಯ, ಸಾವಿನ ಭಯ, ಹಿಂಸೆ, ಇವುಗಳ ಸುತ್ತ ಇಡೀ ಆಲ್ಬಮ್ ಕಟ್ಟೋಣವೆಂಬ ಯೋಚನೆಯನ್ನು ವಾಟರ್ಸ್ ಮುಂದಿಟ್ಟರು. ಮಾನಸಿಕ ಅಸ್ವಾಸ್ಥ್ಯದಿಂದಾಗಿ 1968ರಲ್ಲಿ ತಂಡದಿಂದ ದೂರವಾದ ಸಿಡ್ ಬ್ಯಾರೆಟ್ ಅವರ ನೆನಪು ಆ ಮೇಜಿನ ಸುತ್ತ ಇದ್ದ ಎಲ್ಲರಲ್ಲೂ ಇತ್ತು. ಅಲ್ಲಿಂದ ಮುಂದೆ ಬರ್ಮಂಡ್ಸಿಯಲ್ಲಿ ರೋಲಿಂಗ್ ಸ್ಟೋನ್ಸ್ ತಂಡಕ್ಕೆ ಸೇರಿದ ಗೋದಾಮೊಂದರಲ್ಲಿ ತಾಲೀಮು ನಡೆಯಿತು. 1972ರ ಜನವರಿ 20ರಂದು ಬ್ರೈಟನ್‌ನಲ್ಲಿ ಈ ಹೊಸ ಕೃತಿಯನ್ನು ಮೊದಲ ಬಾರಿ ವೇದಿಕೆಗೆ ತಂದಾಗ ‘ಮನಿ’ ಹಾಡಿನ ಹೊತ್ತಿಗೆ ತಾಂತ್ರಿಕ ತೊಂದರೆ ಎದುರಾಗಿ ಅದನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಮರುತಿಂಗಳು ಲಂಡನ್ನಿನ ರೇನ್‌ಬೋ ಥಿಯೇಟರಿನಲ್ಲಿ ಅದು ಪೂರ್ತಿಯಾಗಿ ಕೇಳಿಸಿತು. ಆಲ್ಬಮ್ ಹೊರಬರುವುದಕ್ಕೆ ಒಂದು ವರ್ಷಕ್ಕೂ ಮೊದಲೇ ಕೃತಿ ಜನರ ಮುಂದೆ ಬೆಳೆಯುತ್ತಿತ್ತು ಎಂಬುದನ್ನು ಗಮನಿಸಬೇಕು. ರಾತ್ರಿಯಿಂದ ರಾತ್ರಿಗೆ ನುಡಿಸುತ್ತ, ತಿದ್ದುತ್ತ, ಒಬ್ಬರ ಹೊಳಹಿಗೆ ಇನ್ನೊಬ್ಬರು ಕೈಸೇರಿಸುತ್ತ ಬೆಳೆದ ಸಂಗೀತದಲ್ಲಿ ಯಾವ ತಿರುವು ಯಾರದು ಎಂದು ಗೆರೆ ಕೊಯ್ದು ಹೇಳುವುದು ಕಷ್ಟ.

ಅದೇ ವರ್ಷದ ಬೇಸಿಗೆಯ ಹೊತ್ತಿಗೆ ರೆಕಾರ್ಡ್ ಕಂಪನಿ ಇಎಂಐನ ಆ್ಯಬಿ ರೋಡ್ ಸ್ಟುಡಿಯೊದಲ್ಲಿ ಧ್ವನಿಮುದ್ರಣ ಶುರುವಾಯಿತು. ಪ್ರವಾಸಗಳ ನಡುವೆ ಬಿಟ್ಟುಬಿಟ್ಟು 1973ರ ಆರಂಭದವರೆಗೂ ನಡೆಯಿತು. ಆಗಿದ್ದುದು 16 ಟ್ರ್ಯಾಕ್‌ಗಳ, ಅಂದರೆ ಹದಿನಾರು ಧ್ವನಿಗಳನ್ನು ಬೇರೆ ಬೇರೆಯಾಗಿ ಹಿಡಿದಿಡುವ ಟೇಪ್ ಯಂತ್ರ. ಎಂಜಿನಿಯರ್ ಅಲನ್ ಪಾರ್ಸನ್ಸ್ ಆಗಿನ್ನೂ ಇಪ್ಪತ್ತಮೂರು ಇಪ್ಪತ್ತನಾಲ್ಕರ ಯುವಕ, ಬೀಟಲ್ಸ್ ತಂಡದ ಕೊನೆಯ ಧ್ವನಿಮುದ್ರಣಗಳಲ್ಲಿ ಸಹಾಯಕನಾಗಿ ಪಳಗಿದ್ದವರು. ಸಂಬಳ ವಾರಕ್ಕೆ 35 ಪೌಂಡ್.

‘ಮನಿ’ ಹಾಡಿನ ಆರಂಭದ ಸದ್ದುಗಳನ್ನು ಹೇಗೆ ಮಾಡಿದರೆಂದು ಮೇಸನ್ ವಿವರಿಸಿದ್ದನ್ನು ಓದಿದರೆ, ಸಂಗೀತ ಸಂಯೋಜನೆ ಎಂಬ ಮಾತಿನ ಅರ್ಥವೇ ಸಡಿಲವಾಗುತ್ತದೆ. ಅವರು ಹಳೆಯ ಪೆನ್ನಿ ನಾಣ್ಯಗಳಿಗೆ ತೂತು ಕೊರೆದು ದಾರಕ್ಕೆ ಪೋಣಿಸಿದರು, ಆ ಸರವನ್ನು ಅಲ್ಲಾಡಿಸಿದಾಗ ಒಂದು ಸದ್ದು ಸಿಕ್ಕಿತು. ವಾಟರ್ಸ್ ತಮ್ಮ ಪತ್ನಿ ಮಡಕೆ ಮಾಡುವಾಗ ಬಳಸುತ್ತಿದ್ದ ಬೋಗುಣಿಯಲ್ಲಿ ಚಿಲ್ಲರೆ ಕಾಸು ತಿರುಗಿಸಿ ಇನ್ನೊಂದನ್ನು ತಂದರು. ಮೈಕಿನ ಮುಂದೆ ಕಾಗದ ಹರಿದರು. ಅಂಗಡಿಯ ಗಲ್ಲಾಯಂತ್ರದ ಸದ್ದು ಸ್ಟುಡಿಯೊದ ಧ್ವನಿಭಂಡಾರದಿಂದ ಬಂತು. ನಂತರ ಒಂದೊಂದು ಸದ್ದಿನ ಟೇಪನ್ನೂ ಅಡಿಪಟ್ಟಿಯಿಟ್ಟು ಅಳೆದು, ಸಮನಾಗಿ ಕತ್ತರಿಸಿ, ಏಳು ತುಂಡುಗಳನ್ನು ಅಂಟಿಸಿ ಒಂದು ಉಂಗುರ ಮಾಡಿದರು. ಏಳೆಣಿಕೆಯ ತಾಳ ಹೀಗೆ ಕಣ್ಣಿಗೆ ಕಾಣುವ, ಕೈಯಲ್ಲಿ ಹಿಡಿಯಬಹುದಾದ ಕಂದು ಪಟ್ಟಿಯಾಗಿ ಯಂತ್ರದಲ್ಲಿ ಸುತ್ತತೊಡಗಿತು. ಲೇಬಲ್ಲಿನಲ್ಲಿ ಹಾಡು ವಾಟರ್ಸ್ ಅವರದು, ಅದರಲ್ಲಿ ತಪ್ಪೇನೂ ಇಲ್ಲ: ರಾಗ, ಸಾಹಿತ್ಯ, ತಾಳದ ಕಲ್ಪನೆ ಎಲ್ಲವೂ ಅವರದೇ. ಆದರೂ ಹಾಡು ಕೇಳಿದವರೆಲ್ಲರ ಕಿವಿಯಲ್ಲಿ ಮೊದಲು ಉಳಿಯುವುದು ಆ ಏಳು ಸದ್ದುಗಳು. ನಾಣ್ಯ ಪೋಣಿಸಿದ ಕೈಗೆ ರಚನೆಯ ಲೆಕ್ಕದಲ್ಲಿ ಜಾಗವಿಲ್ಲ.

‘ಟೈಮ್’ ಹಾಡಿನ ಆರಂಭದಲ್ಲಿ ಒಮ್ಮೆಲೇ ಬಾರಿಸುವ ಗಡಿಯಾರಗಳ ಕಥೆಯೂ ಇಂಥದೇ. ನಾಲ್ಕು ದಿಕ್ಕಿನಿಂದ ಧ್ವನಿ ಬರುವ ಕ್ವಾಡ್ರಫೋನಿಕ್ ವ್ಯವಸ್ಥೆಯ ಪ್ರದರ್ಶನಕ್ಕೆಂದು ಪಾರ್ಸನ್ಸ್ ಹಳೆಯ ಗಡಿಯಾರಗಳ ಅಂಗಡಿಗೆ ಹೋಗಿ, ಒಂದೊಂದು ಗಡಿಯಾರವನ್ನೂ ಪ್ರತ್ಯೇಕವಾಗಿ ಮುದ್ರಿಸಿಕೊಂಡಿದ್ದರು. ಅದನ್ನು ತಂಡದವರಿಗೆ ಕೇಳಿಸಿದವರೂ ಅವರೇ. ಆ ಹಾಡಿನ ರಚನಕಾರರಾಗಿ ತಂಡದ ನಾಲ್ವರ ಹೆಸರಿದೆ. ಪಾರ್ಸನ್ಸ್ ಹೆಸರು ಎಂಜಿನಿಯರ್ ಎಂದು ಹೊದಿಕೆಯಲ್ಲಿದೆ.

ಆಲ್ಬಮ್‌ನುದ್ದಕ್ಕೂ ತೇಲಿಬರುವ ಮಾತುಗಳ ಮೂಲ ವಾಟರ್ಸ್ ಬರೆದ ಪ್ರಶ್ನೆಗಳ ಕಾರ್ಡುಗಳು. ಮಬ್ಬುಗತ್ತಲೆಯ ಸ್ಟುಡಿಯೊದಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ಕಾರ್ಡು ಓದಿಸಿ ಉತ್ತರ ಕೇಳುತ್ತಿದ್ದರು. ಸಾವಿಗೆ ಹೆದರುತ್ತೀರಾ, ಕೊನೆಯ ಬಾರಿ ಯಾರ ಮೇಲಾದರೂ ಕೈ ಮಾಡಿದ್ದು ಯಾವಾಗ, ಆಗ ನ್ಯಾಯ ನಿಮ್ಮ ಕಡೆ ಇತ್ತೇ, ಹೀಗೆ. ಪಕ್ಕದಲ್ಲೇ ಧ್ವನಿಮುದ್ರಣಕ್ಕೆ ಬಂದಿದ್ದ, ಬೀಟಲ್ಸ್ ಖ್ಯಾತಿಯ ಪಾಲ್ ಮೆಕಾರ್ಟ್ನಿ ಕೂಡ ಉತ್ತರಿಸಿದರು, ಆದರೆ ಅವರ ಮಾತು ತೂಗಿ ಅಳೆದು ಆಡಿದಂತಿದ್ದುದರಿಂದ ಬಳಕೆಯಾಗಲಿಲ್ಲ. ಬಳಕೆಯಾದದ್ದು ಸ್ಟುಡಿಯೊದ ದ್ವಾರಪಾಲಕ ಜೆರಿ ಒಡ್ರಿಸ್ಕಾಲ್ ಅವರ ದನಿ. ಚಂದ್ರನಿಗೆ ಕತ್ತಲ ಬದಿ ಎಂಬುದೇ ಇಲ್ಲ, ನಿಜ ಹೇಳಬೇಕೆಂದರೆ ಅದೆಲ್ಲವೂ ಕತ್ತಲೆಯೇ ಎಂದು ಕೊನೆಯಲ್ಲಿ ಎದೆಬಡಿತದ ಜೊತೆ ಕೇಳಿಸುವ ಮಾತು ಅವರದು.

ಇಷ್ಟರವರೆಗಿನ ಪ್ರಶ್ನೆಗಳನ್ನು ತಂಡದ ಒಳಗಿನ ವಿಚಾರವೆಂದು ಬಿಡಬಹುದಿತ್ತೇನೋ. ‘ದ ಗ್ರೇಟ್ ಗಿಗ್ ಇನ್ ದ ಸ್ಕೈ’ ಹಾಗೆ ಬಿಡಗೊಡಲಿಲ್ಲ. ಕೀಬೋರ್ಡ್ ವಾದಕ ರಿಚರ್ಡ್ ರೈಟ್ ಕಟ್ಟಿದ ಈ ಸ್ವರಸರಣಿ, ಅಂದರೆ ಹಾಡಿನ ಅಡಿಪಾಯವಾಗುವ ಸ್ವರಮೇಳಗಳ ಸಾಲು, 1972ರ ಕಛೇರಿಗಳಲ್ಲಿ ಆರ್ಗನ್ ವಾದನವಾಗಿ, ಧಾರ್ಮಿಕ ಪಠಣದ ತುಣುಕುಗಳೊಂದಿಗೆ ಇತ್ತು; ಆ ಬಳಿಕ ಪಿಯಾನೊಗೆ ಬಂತು. ಏನೋ ಕೊರತೆ ಇದೆ ಎಂದು ಎಲ್ಲರಿಗೂ ಅನಿಸಿತ್ತು. ಹೆಣ್ಣಿನ ದನಿಯೊಂದು ಬೇಕೆಂದಾಗ ಪಾರ್ಸನ್ಸ್ ತಮಗೆ ಗೊತ್ತಿದ್ದ ಸೆಷನ್ ಗಾಯಕಿ ಕ್ಲೇರ್ ಟೋರಿ ಅವರ ಹೆಸರು ಹೇಳಿದರು.

1973ರ ಜನವರಿಯ ಒಂದು ಭಾನುವಾರ ಸಂಜೆ ಟೋರಿ ಬಂದರು. ಸಾಹಿತ್ಯವಿಲ್ಲ, ಬರೆದಿಟ್ಟ ರಾಗವೂ ಇಲ್ಲ. ಸಾವಿನ ಬಗೆಗಿನ ಆಲ್ಬಮ್ಮಿನ ಆಶಯವನ್ನು ತಿಳಿಸಿ, ಪಿಯಾನೊ ಮುದ್ರಣವನ್ನು ಕೇಳಿಸಿ, ಹಾಡಿ ಎಂದರಷ್ಟೇ. ಅವರು ಮೊದಲು ಪಾಪ್ ಹಾಡುಗಳ ಅಭ್ಯಾಸದಂತೆ ‘ಬೇಬಿ, ಬೇಬಿ’ ಎಂದು ಶುರುಮಾಡಿದರೆ, ಮಾತು ಬೇಡವೆಂದು ತಡೆದರು. ಆಗ ತಾನೊಂದು ವಾದ್ಯವೆಂದು ಭಾವಿಸಿಕೊಂಡು ಹಾಡಬೇಕೆಂದು ಅವರಿಗೆ ಹೊಳೆಯಿತು. ಅಲ್ಲಿಂದ ಹೊರಟ ಆ ಮಾತಿಲ್ಲದ ಆಲಾಪ ಮೊರೆಯಾಗಿ ಏರಿ, ಒಡೆದು, ಕೊನೆಗೆ ಪಿಸುಮಾತಿನಂತೆ ಇಳಿದುಹೋಗುತ್ತದೆ. ಕೆಲವೇ ಬಾರಿ ಹಾಡಿದ ಮೇಲೆ ಅವರಿಗೇ ಅತಿಯಾಯಿತೇನೋ ಎನಿಸಿ ಸಂಕೋಚದಿಂದ ಕ್ಷಮೆ ಕೇಳಿದರಂತೆ. ತಂಡದವರು ಹೆಚ್ಚು ಮಾತಾಡುವವರಲ್ಲ, ಮೆಚ್ಚಿದರೆಂಬ ಸುಳಿವೂ ಅವರಿಗೆ ಸಿಗಲಿಲ್ಲ. ಭಾನುವಾರದ ಎರಡು ಪಟ್ಟು ದರದಲ್ಲಿ 30 ಪೌಂಡ್ ಪಡೆದು ಮನೆಗೆ ಹೋದರು. ತಮ್ಮ ದನಿ ಉಳಿದಿದೆ ಎಂಬುದು ಅವರಿಗೆ ಗೊತ್ತಾದದ್ದು ಅಂಗಡಿಯಲ್ಲಿ ಆಲ್ಬಮ್ಮಿನ ಹೊದಿಕೆಯ ಮೇಲೆ ತಮ್ಮ ಹೆಸರು ಕಂಡಾಗ. ಹೆಸರಿದ್ದದ್ದು ಗಾಯಕಿಯಾಗಿ. ರಚನೆ ರೈಟ್ ಒಬ್ಬರದೇ ಎಂದಿತ್ತು.

ಮುದ್ರಿಸಿದ ಧ್ವನಿಗಳನ್ನೆಲ್ಲ ಒಂದಾಗಿಸುವ ಅಂತಿಮ ಮಿಶ್ರಣದ ಹೊತ್ತಿನ ಭಿನ್ನಾಭಿಪ್ರಾಯವನ್ನು ಇಲ್ಲಿ ಚಿಕ್ಕದಾಗಿ ಹೇಳಬಹುದು. ಮೇಸನ್ ನೆನಪಿನಲ್ಲಿ ವಾಟರ್ಸ್ ಮತ್ತು ಅವರು ಸ್ಪಷ್ಟವಾದ, ಪ್ರತಿಧ್ವನಿ ಕಡಿಮೆಯಿರುವ ನಾದವನ್ನು ಬಯಸಿದರು, ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಮತ್ತು ರೈಟ್ ಪ್ರತಿಧ್ವನಿ ತುಂಬಿದ, ಹರಡಿಕೊಂಡ ನಾದವನ್ನು. ಮಧ್ಯಸ್ಥಿಕೆಗಾಗಿ ಕರೆಸಿದ ಸಂಗೀತ ನಿರ್ಮಾಪಕ ಕ್ರಿಸ್ ಥಾಮಸ್ ಅವರೋ, ಅಂಥ ಜಗಳವನ್ನೇ ತಾವು ಕಾಣಲಿಲ್ಲ ಎಂದಿದ್ದಾರೆ.

1973ರ ಮಾರ್ಚಿನಲ್ಲಿ ಬಂದ ಆಲ್ಬಮ್ ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದದ್ದು ಒಂದೇ ವಾರ. ಆದರೆ 1988ರ ಹೊತ್ತಿಗೆ ಒಟ್ಟು 741 ವಾರ ಆ ಪಟ್ಟಿಯಲ್ಲಿ ಉಳಿದಿತ್ತು. ಪ್ರಪಂಚದಾದ್ಯಂತ ಕೋಟಿಗಟ್ಟಲೆ ಪ್ರತಿಗಳು ಮಾರಾಟವಾದವು. ಇಷ್ಟು ಕಾಲ, ಇಷ್ಟು ಜನ ಕೇಳುತ್ತಾರೆಂದು ಆ ಕೋಣೆಯಲ್ಲಿದ್ದ ಯಾರೂ ಊಹಿಸಿರಲಿಲ್ಲ, ಹೆಸರು ಹಂಚಿಕೊಳ್ಳುವಾಗ ಈ ಮೊತ್ತವನ್ನು ಯಾರೂ ಲೆಕ್ಕಹಾಕಿರಲಿಲ್ಲ. ತಂಡ ಮುರಿದ ಮೇಲೆ ವಾಟರ್ಸ್ ಅವರಿಗೆ ‘ಉಡುಗೊರೆ’ಯ ನೆನಪು ನೋಯತೊಡಗಿದ್ದರ ಹಿಂದೆ ಇದೂ ಒಂದು ಕಾರಣವೆಂದು ನಾನು ಭಾವಿಸುತ್ತೇನೆ.

ಟೋರಿ ಅವರದು ಹಗೆಯ ಕಥೆಯಲ್ಲ. 1990ರಲ್ಲಿ ನೆಬ್‌ವರ್ತ್‌ನ ಬೃಹತ್ ಕಛೇರಿಯಲ್ಲಿ ಅವರು ಪಿಂಕ್ ಫ್ಲಾಯ್ಡ್ ಜೊತೆ ನಿಂತು ಅದೇ ಹಾಡನ್ನು ಹಾಡಿದ್ದರು. 2004ರಲ್ಲಿ ಮಾತ್ರ ಅವರು ಇಎಂಐ ಮತ್ತು ತಂಡದ ವಿರುದ್ಧ ಲಂಡನ್ನಿನ ನ್ಯಾಯಾಲಯದ ಮೆಟ್ಟಿಲೇರಿ, ತಾನು ಹಾಡಿದವಳಷ್ಟೇ ಅಲ್ಲ, ಸಹರಚನಕಾರಳು ಎಂದು ವಾದಿಸಿದರು. ಸ್ವರಸರಣಿ ರೈಟ್ ಅವರದೆಂಬುದನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ. ಅದು ಒಂದು ವರ್ಷ ಮೊದಲೇ ವೇದಿಕೆಯಲ್ಲಿ ಕೇಳಿಸಿತ್ತು. ಅದೇ ಕಾರಣಕ್ಕೆ ಟೋರಿ ಬರುವ ಮೊದಲು ಆ ಹಾಡಿನಲ್ಲಿ ಏನಿತ್ತು, ಏನಿರಲಿಲ್ಲ ಎಂಬುದೂ ಸ್ಪಷ್ಟವಾಗಿತ್ತು. ಹಳೆಯ ಕಛೇರಿಯ ಮುದ್ರಣವನ್ನೂ ಆಲ್ಬಮ್ಮಿನ ಹಾಡನ್ನೂ ಒಂದಾದ ಮೇಲೊಂದು ಕೇಳಿದಾಗ ನನಗೆ ಅನುಮಾನ ಉಳಿಯಲಿಲ್ಲ. ಮೊದಲನೆಯದರಲ್ಲಿ ನೆಲವಿದೆ, ಎರಡನೆಯದರಲ್ಲಿ ಆ ನೆಲದ ಮೇಲೆ ನಡೆಯುವ ರಾಗವಿದೆ, ಅದನ್ನು ಬೇರೆ ಯಾರೂ ಹಾಡಿಕೊಟ್ಟಿರಲಿಲ್ಲ. 2005ರಲ್ಲಿ ನ್ಯಾಯಾಲಯದ ಹೊರಗೆ ಟೋರಿ ಅವರ ಪರವಾಗಿ ರಾಜಿಯಾಯಿತು.

ರಾಜಿಯಲ್ಲಿ ಮುಗಿದದ್ದರಿಂದ ಅಲ್ಲಿ ಕಾನೂನಿನ ಮಾತು ಹೊರಬರಲಿಲ್ಲ. ಅದು ಬಂದದ್ದು ಇನ್ನೊಂದು ಹಾಡಿನ ಮೊಕದ್ದಮೆಯಲ್ಲಿ. 1967ರಲ್ಲಿ ಪ್ರೋಕಲ್ ಹಾರಮ್ ತಂಡದ ‘ಎ ವೈಟರ್ ಶೇಡ್ ಆಫ್ ಪೇಲ್’ ಹಾಡಿಗೆ ಪ್ರಸಿದ್ಧವಾದ ಆರ್ಗನ್ ರಾಗವನ್ನು ನುಡಿಸಿದ ಮ್ಯಾಥ್ಯೂ ಫಿಶರ್ 2005ರಲ್ಲಿ ಪಾಲು ಕೇಳಿದರು. 2006ರಲ್ಲಿ ಹೈಕೋರ್ಟ್ ಅವರನ್ನು ಸಹರಚನಕಾರರೆಂದು ಒಪ್ಪಿ ಸಂಗೀತದ ಹಕ್ಕಿನಲ್ಲಿ ಶೇ 40ರಷ್ಟು ಕೊಟ್ಟಿತು. ಮೇಲ್ಮನವಿ ನ್ಯಾಯಾಲಯವು 2008ರಲ್ಲಿ, ಇಷ್ಟು ತಡವಾಗಿ ಬಂದವರಿಗೆ ಹಣ ಸಲ್ಲದು ಎಂದಿತು. 2009ರ ಜುಲೈನಲ್ಲಿ, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಆ ಮಾತನ್ನು ತಳ್ಳಿಹಾಕಿ ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿಯಿತು. ನಾಲ್ಕು ದಶಕ ಕಳೆದರೂ, ನುಡಿಸಿದವರು ರಚಿಸಿದವರೂ ಆಗಿದ್ದರೆ ಅವರ ಪಾಲು ಕರಗುವುದಿಲ್ಲ ಎಂದು ಇದರಿಂದ ಸ್ಪಷ್ಟವಾಯಿತು.

2005ರ ನಂತರ ಅಚ್ಚಾದ ‘ಡಾರ್ಕ್ ಸೈಡ್’ ಪ್ರತಿಗಳಲ್ಲಿ ಆ ಹಾಡಿನ ಮುಂದೆ ಮೊದಲು ರಿಚರ್ಡ್ ರೈಟ್ ಹೆಸರಿದೆ, ಅದರ ಜೊತೆಗೆ ಗಾಯನ ರಚನೆ ಕ್ಲೇರ್ ಟೋರಿ ಎಂದಿದೆ. ‘ಸ್ಪೀಕ್ ಟು ಮಿ’ ಮುಂದೆ ಇವತ್ತಿಗೂ ಇರುವುದು ಮೇಸನ್ ಹೆಸರೇ.